ಏಳನೆಯ ಪ್ರಶ್ನೆ

2004ರ ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ನಾನು ಬರೆದ ಶೀರ್ಷಿಕೆಯೊಂದು ಇಪ್ಪತ್ತು ವರ್ಷ ಕಳೆದರೂ ನನ್ನ ಬೆನ್ನು ಬಿಟ್ಟಿಲ್ಲ. ‘ಮುಸ್ಲಿಂ ಜನಸಂಖ್ಯೆ ಶೇ 36 ಹೆಚ್ಚಳ’. ಒಂದೇ ಸಾಲು. ಮೂರು ಕಾಲಂ ಅಗಲಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು.

ಆಗ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿಗೆ ಹೊಸಬ. ರಾತ್ರಿ ಪಾಳಿಯಲ್ಲಿ ಏಜೆನ್ಸಿಯ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. 2001ರ ಜನಗಣತಿಯ ಧರ್ಮವಾರು ಅಂಕಿಅಂಶಗಳನ್ನು ಅಂದು ದೆಹಲಿಯಲ್ಲಿ ಬಿಡುಗಡೆ ಮಾಡಿದ್ದರು. ಮರು ತಿಂಗಳು ಮಹಾರಾಷ್ಟ್ರ ವಿಧಾನಸಭೆಗೆ ಮತದಾನ. ಗಡಿಯಾಚೆಯ ಆ ಚುನಾವಣೆ ನಮ್ಮ ಬೆಳಗಾವಿ, ನಿಪ್ಪಾಣಿಯ ಓದುಗರಿಗೆ ಪಕ್ಕದ ಮನೆಯ ವಿಷಯ. ಅಂಥ ಹೊತ್ತಿನಲ್ಲಿ ಹಿಂದೂಗಳ ಬೆಳವಣಿಗೆ ಶೇ 20, ಮುಸ್ಲಿಮರದು ಶೇ 36 ಎಂಬ ಸಾಲು ಕಣ್ಣೆದುರು ಬಂತು. ಸುದ್ದಿ ಮುಖಪುಟಕ್ಕೆ ಹೋಯಿತು. ಪುಟ ಬಿಡುವ ಗಡುವಿಗೆ ಇನ್ನೂ ಹತ್ತು ನಿಮಿಷ ಇತ್ತು. ಆ ಹತ್ತು ನಿಮಿಷದಲ್ಲಿ ನಾನು ಯಾರಿಗೂ ಏನನ್ನೂ ಕೇಳಲಿಲ್ಲ.

ಬೆಳಿಗ್ಗೆ ಅವ್ವ ಫೋನ್ ಮಾಡಿದಳು. ಅವಳು ಈಗಿನ ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 1991ರಲ್ಲೂ 2001ರಲ್ಲೂ ಅದೇ ಊರಿನ ಅದೇ ಓಣಿಗಳಲ್ಲಿ ಗಣತಿ ಮಾಡಿದವಳು. ಪತ್ರಿಕೆ ಮೊದಲ ಬಸ್ಸಿಗೆ ಬಂದಿತ್ತು, ಓದಿದ್ದಳು. ನನ್ನನ್ನು ಆಕ್ಷೇಪಿಸಲಿಲ್ಲ, ಗೊಂದಲದಿಂದಲೇ ಕೇಳಿದಳು: “ನಮ್ಮ ಊರಿನಲ್ಲಿ ಹೋದ ಗಣತಿಯಲ್ಲಿ ಎಷ್ಟು ಮುಸ್ಲಿಂ ಮನೆಗಳಿದ್ದವೋ ಈ ಸಲವೂ ಹೆಚ್ಚುಕಡಿಮೆ ಅಷ್ಟೇ ಇದ್ದವು. ಮಕ್ಕಳು ಮೊದಲಿಗಿಂತ ಕಡಿಮೆಯೇ. ಈ ಮೂವತ್ತಾರು ಎಲ್ಲಿಂದ ಬಂತು?” ನಾನು ಹೇಳಿದೆ: “ಅದು ದೇಶದ ಲೆಕ್ಕ, ಅವ್ವ. ಊರಿನದಲ್ಲ.”

ಮೂವತ್ತಾರು ಎಲ್ಲಿಂದ ಬಂತು ಎಂಬುದು ಕೆಲವೇ ದಿನಗಳಲ್ಲಿ ತಿಳಿಯಿತು. 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಗಣತಿಯೇ ನಡೆದಿರಲಿಲ್ಲ. ಅಲ್ಲಿನ ಪರಿಸ್ಥಿತಿ ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ. 2001ರಲ್ಲಿ ನಡೆಯಿತು. ಆ ರಾಜ್ಯದ ಒಂದು ಕೋಟಿ ಜನರಲ್ಲಿ ಮೂರರಲ್ಲಿ ಎರಡು ಪಾಲು ಮುಸ್ಲಿಮರು. 1991ರ ಪಟ್ಟಿಯಲ್ಲಿ ಇಲ್ಲದ ಆ ಅರವತ್ತೇಳು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಎಂಬತ್ತರ ಅಜ್ಜಂದಿರೂ ಸೇರಿದ್ದರು, ಹತ್ತು ವರ್ಷಗಳಲ್ಲಿ ಹೊಸದಾಗಿ ಹುಟ್ಟಿದವರಂತೆ ಲೆಕ್ಕಕ್ಕೆ ಬಂದುಬಿಟ್ಟರು. 1981ರಲ್ಲಿ ಗಣತಿ ನಡೆಯದ ಅಸ್ಸಾಮನ್ನೂ ಜಮ್ಮು ಕಾಶ್ಮೀರವನ್ನೂ ಬಿಟ್ಟು, ಹೋಲಿಸಬಹುದಾದ ರಾಜ್ಯಗಳನ್ನಷ್ಟೇ ಹೋಲಿಸಿದಾಗ ಬಂದ ಸಂಖ್ಯೆ ಶೇ 29.3. ಅಂದರೆ ಹಿಂದಿನ ದಶಕಕ್ಕಿಂತ ಬೆಳವಣಿಗೆಯ ವೇಗ ಇಳಿದಿತ್ತು. ನಿಜವಾದ ಸುದ್ದಿ ಅದು. ನಾನು ಅದರ ತಲೆಕೆಳಗಾದ ರೂಪವನ್ನು ಮುಖಪುಟಕ್ಕೆ ಏರಿಸಿದ್ದೆ. ಸ್ಪಷ್ಟನೆ ನಮ್ಮ ಪತ್ರಿಕೆಯಲ್ಲಿ ಒಳಪುಟದಲ್ಲಿ, ಒಂದು ಕಾಲಮ್ಮಿನಲ್ಲಿ, ಟೆಂಡರ್ ಜಾಹೀರಾತಿನ ಪಕ್ಕದಲ್ಲಿ ಬಂತು. ಮುಖಪುಟವನ್ನು ಓದಿದವರಲ್ಲಿ ಎಷ್ಟು ಜನ ಅದನ್ನು ಓದಿದರೋ! ಆ ವರ್ಷವೆಲ್ಲ ಭಾಷಣಗಳಲ್ಲಿ ಕೇಳಿದ್ದು ಮೂವತ್ತಾರೇ.

ಇದನ್ನು ನಾನು ಒಬ್ಬನೇ ಮಾಡಿದ ತಪ್ಪು ಎಂದು ಹೇಳಿಕೊಳ್ಳುತ್ತಿಲ್ಲ. ದೇಶದ ಹಲವು ಪತ್ರಿಕೆಗಳು ಹಾಗೆಯೇ ಬರೆದಿದ್ದವು. ಆದರೆ ಎಲ್ಲರೂ ಮಾಡಿದ್ದಾರೆ ಎಂಬ ಮಾತು ಅವ್ವನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಮನೆಮನೆಗೆ ಹೋಗಿ ಎಣಿಸಿದವಳಿಗೆ ಸಂಖ್ಯೆ ಎಂದರೆ ಹೊಸ್ತಿಲುಗಳು. ನನಗೆ ಅದು ಶೀರ್ಷಿಕೆಯ ಅಗಲಕ್ಕೆ ಹೊಂದುವ ಎರಡು ಅಂಕಿ.

ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಜಾರ್ಜ್ ಬುಷ್ ಮರು ಆಯ್ಕೆಯಾದರು. ಮತಗಟ್ಟೆ ಸಮೀಕ್ಷೆಯಲ್ಲಿ ಶೇ 22ರಷ್ಟು ಮತದಾರರು ತಮಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ‘ನೈತಿಕ ಮೌಲ್ಯಗಳು’ ಎಂದಿದ್ದರು. ಅರ್ಥವ್ಯವಸ್ಥೆ ಮತ್ತು ಉದ್ಯೋಗ ಎಂದವರು ಶೇ 20, ಭಯೋತ್ಪಾದನೆ ಎಂದವರು ಶೇ 19, ಇರಾಕ್ ಎಂದವರು ಶೇ 15. ಅಂದೇ ಹನ್ನೊಂದು ರಾಜ್ಯಗಳಲ್ಲಿ ಸಲಿಂಗ ವಿವಾಹದ ವಿರುದ್ಧ ಜನಮತಗಣನೆಯೂ ನಡೆದಿತ್ತು. ಇಷ್ಟು ಸಾಕಾಯಿತು. ಚರ್ಚಿಗೆ ಹೋಗುವ ಮತದಾರರು ಅಮೆರಿಕವನ್ನು ಗೆದ್ದುಕೊಂಡರು ಎಂದು ವಾರಗಟ್ಟಲೆ ಲೇಖನಗಳು ಬಂದವು. ಅವುಗಳಲ್ಲಿ ಎರಡನ್ನು ನಾನೇ ಅನುವಾದಿಸಿದೆ. ಆಮೇಲೆ ತಿಳಿದವರು ಪ್ರಶ್ನಾವಳಿಯನ್ನು ತೆರೆದು ನೋಡಿದರು. ಏಳು ಉತ್ತರಗಳ ಪಟ್ಟಿ ಕೊಟ್ಟು ಒಂದಕ್ಕೆ ಗುರುತು ಹಾಕಿ ಎಂದಿದ್ದರು. ಯುದ್ಧವನ್ನು ಇರಾಕ್ ಒಂದು, ಭಯೋತ್ಪಾದನೆ ಒಂದು ಎಂದು ಸೀಳಿದ್ದರು. ಹಣಕಾಸನ್ನು ತೆರಿಗೆ, ಉದ್ಯೋಗ, ಆರೋಗ್ಯ ಎಂದು ಹಂಚಿದ್ದರು. ನೈತಿಕ ಮೌಲ್ಯ ಎಂಬುದು ಮಾತ್ರ ಯಾರು ಬೇಕಾದರೂ ಕೂರಬಹುದಾದ ಅಗಲವಾದ ಕಟ್ಟೆ. ಚುನಾವಣೆಯ ನಂತರ ಬೇರೊಂದು ಸಮೀಕ್ಷೆಯವರು ಪಟ್ಟಿ ಕೊಡದೆ ‘ನಿಮಗೆ ಮುಖ್ಯವಾದದ್ದು ಯಾವುದು’ ಎಂದಷ್ಟೇ ಕೇಳಿದಾಗ ಮೌಲ್ಯದ ಮಾತನಾಡಿದವರು ಸುಮಾರು ಅರ್ಧಕ್ಕೆ ಇಳಿದಿದ್ದರು. ಎರಡೇ ತಿಂಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ಒಂದೇ ಬಗೆಯ ಮುಗ್ಗರಿಕೆ. ಸಂಖ್ಯೆಯನ್ನು ಓದಿದ್ದೆವು, ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಓದಿರಲಿಲ್ಲ.

ಪ್ರಶ್ನೆಯ ವಿಷಯ ಬಂದಾಗಲೆಲ್ಲ ನನಗೆ ಅವ್ವನ ಗಣತಿಯ ಚೀಲ ನೆನಪಾಗುತ್ತದೆ. ಫೆಬ್ರವರಿ 9ರಿಂದ 28ರವರೆಗೆ ಗಣತಿ; ಶಾಲೆ ಮುಗಿಸಿ ಸಂಜೆ, ಭಾನುವಾರ ಇಡೀ ದಿನ. ಕುಟುಂಬದ ಅನುಸೂಚಿಯಲ್ಲಿ ಹೆಸರು, ಯಜಮಾನರಿಗೆ ಸಂಬಂಧ, ಲಿಂಗ, ವಯಸ್ಸು, ಮದುವೆ, ಮದುವೆಯಾದಾಗಿನ ವಯಸ್ಸು, ಅದಾದ ಮೇಲೆ ಏಳನೆಯ ಪ್ರಶ್ನೆ: ಧರ್ಮ. ಪೂರ್ತಿ ಹೆಸರು ಬರೆಯಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಈ ಆರಕ್ಕೆ ಒಂದರಿಂದ ಆರರವರೆಗೆ ಸಂಕೇತಸಂಖ್ಯೆ. ಬೇರೆ ಏನಾದರೂ ಹೇಳಿದರೆ ಹೆಸರು ಬರೆದು ಚೌಕವನ್ನು ಖಾಲಿ ಬಿಡಬೇಕು. ಹೇಳಿದ್ದನ್ನು ಬರೆಯಬೇಕು, ವಾದಿಸಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು.

ಆ ಪ್ರಶ್ನೆಗೆ ಊರಿನಲ್ಲಿ ನೇರ ಉತ್ತರ ಬರುತ್ತಿದ್ದುದೇ ಅಪರೂಪ ಎಂದು ಅವ್ವ ಹೇಳುತ್ತಾಳೆ. ಧರ್ಮ ಯಾವುದು ಎಂದರೆ ಜಾತಿಯ ಹೆಸರು ಬರುತ್ತಿತ್ತು. ಕೆಲವರು ಮನೆದೇವರ ಹೆಸರು ಹೇಳುತ್ತಿದ್ದರು: “ನಾವು ಮೈಲಾರಲಿಂಗಕ್ಕೆ ನಡೆದುಕೊಳ್ಳುತ್ತೇವೆ.” ನಮ್ಮ ಕಡೆ ದೇವರನ್ನು ‘ನಂಬುವುದು’ ಎನ್ನುವುದಕ್ಕಿಂತ ದೇವರಿಗೆ ‘ನಡೆದುಕೊಳ್ಳುವುದು’ ಎಂಬ ಮಾತೇ ಹೆಚ್ಚು. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದು, ವಾರ ಹಿಡಿಯುವುದು, ದರ್ಗಾದ ಉರುಸಿಗೆ ಸಕ್ಕರೆ ಓದಿಸುವುದು ಎಲ್ಲ ಅದರಲ್ಲೇ ಬರುತ್ತದೆ. ಅಂಥ ಮಾತನ್ನು ಒಂದು ಅಂಕಿಯ ಚೌಕದೊಳಗೆ ಕೂರಿಸಬೇಕು. ಒಂದು ಮನೆಯಲ್ಲಿ ತಾಯಿ “ಲಿಂಗಾಯತ” ಎಂದರು. ಕಾಲೇಜು ಓದಿದ ಮಗ ಒಳಗಿನಿಂದ ಬಂದು “ಹಿಂದೂ ಎಂದು ಬರೆಯಿರಿ” ಎಂದ. ತಾಯಿ ಮಗ ಇಬ್ಬರೂ ಪಟ್ಟು ಬಿಡಲಿಲ್ಲ. ಧರ್ಮವನ್ನು ಮನೆಗೊಂದರಂತೆ ಅಲ್ಲ, ತಲೆಗೊಂದರಂತೆ ಬರೆಯುವುದು ನಿಯಮ. ಅವ್ವ ಇಬ್ಬರು ಹೇಳಿದ್ದನ್ನೂ ಹೇಳಿದಂತೆಯೇ ಬರೆದಳು. ಒಂದೇ ಒಲೆಯ ಅಡುಗೆ ಉಣ್ಣುವ ಆ ಮನೆ ದೆಹಲಿಯ ಕೋಷ್ಟಕದಲ್ಲಿ ಎರಡಾಗಿ ಹೋಗಿರಬಹುದು ಅಥವಾ ಎಲ್ಲೋ ಮೇಲಿನ ಹಂತದಲ್ಲಿ ಒಂದಾಗಿರಬಹುದು.

2015ರ ಆಗಸ್ಟ್ 25ರಂದು 2011ರ ಗಣತಿಯ ಧರ್ಮದ ಅಂಕಿಗಳು ಹೊರಬಂದವು. ಎಣಿಸಿ ನಾಲ್ಕು ವರ್ಷ ದಾಟಿತ್ತು. ಬಿಹಾರದ ಚುನಾವಣೆ ಎದುರಿಗಿತ್ತು. ಹಿಂದೂಗಳು ಶೇ 79.8, ಮುಸ್ಲಿಮರು ಶೇ 14.2. ಒಂದೇ ಕೋಷ್ಟಕದಿಂದ ಕೆಲವು ಪತ್ರಿಕೆಗಳು ‘ಹಿಂದೂಗಳು ಶೇ 80ಕ್ಕಿಂತ ಕೆಳಗೆ’ ಎಂಬ ಶೀರ್ಷಿಕೆ ತೆಗೆದವು, ಕೆಲವು ‘ಮುಸ್ಲಿಮರ ಬೆಳವಣಿಗೆ ನಿಧಾನ’ ಎಂಬುದನ್ನು. ಎರಡೂ ಸುಳ್ಳಲ್ಲ. ಮುಸ್ಲಿಮರ ಬೆಳವಣಿಗೆ ಶೇ 29.5ರಿಂದ 24.6ಕ್ಕೂ ಹಿಂದೂಗಳದು ಶೇ 19.9ರಿಂದ 16.8ಕ್ಕೂ ಇಳಿದಿತ್ತು. ನಮ್ಮ ಪತ್ರಿಕೆಯಲ್ಲಿ ಆ ಸಲ ಎರಡನ್ನೂ ಕೊಟ್ಟೆವು. ಅಷ್ಟರ ಮಟ್ಟಿಗೆ ಕಲಿತಿದ್ದೆವು.

2024ರಲ್ಲಿ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಮೇ 7ರಂದು ನಾವು ಹುಬ್ಬಳ್ಳಿ–ಧಾರವಾಡದವರು ಮತ ಹಾಕಿ ಬಂದಿದ್ದೆವು; ದೇಶದಲ್ಲಿ ಇನ್ನೂ ನಾಲ್ಕು ಹಂತಗಳ ಮತದಾನ ಬಾಕಿ ಇತ್ತು. ಬೆರಳಿನ ಶಾಯಿ ಮಾಸುವ ಮೊದಲೇ ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯ ಸದಸ್ಯರೊಬ್ಬರು ಮತ್ತು ಸಹಲೇಖಕರು ಬರೆದ ಪ್ರಬಂಧವೊಂದು ಸುದ್ದಿಯಾಯಿತು. 1950ರಿಂದ 2015ರವರೆಗೆ 167 ದೇಶಗಳಲ್ಲಿ ಬಹುಸಂಖ್ಯಾತ, ಅಲ್ಪಸಂಖ್ಯಾತ ಧರ್ಮಗಳ ಪಾಲು ಹೇಗೆ ಬದಲಾಯಿತು ಎಂಬುದು ಅದರ ವಿಷಯ. 167 ದೇಶಗಳ ಪೈಕಿ ನಮ್ಮ ಟಿವಿಗಳಿಗೆ ಒಂದೇ ದೇಶ ಕಂಡಿತು. ಆ ದೇಶದ ಕೋಷ್ಟಕದಲ್ಲಿ ಎರಡೇ ಸಾಲು ಕಂಡವು. ಹಿಂದೂಗಳು ಶೇ 7.8 ಇಳಿಕೆ, ಮುಸ್ಲಿಮರು ಶೇ 43 ಏರಿಕೆ.

ಆ ರಾತ್ರಿ ನನ್ನ ಎದುರಿನ ಕುರ್ಚಿಯಲ್ಲಿ ತರಬೇತಿಯಲ್ಲಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಪರದೆಯ ಮೇಲೆ 43 ಕೂತಿತ್ತು. ನಾನು ಎದ್ದು ಅವಳ ಪಕ್ಕಕ್ಕೆ ಹೋದೆ. ಮೂಲದಲ್ಲಿ ಇದ್ದದ್ದು ಇಷ್ಟು: ಹಿಂದೂಗಳ ಪಾಲು ಶೇ 84.68ರಿಂದ 78.06ಕ್ಕೆ, ಮುಸ್ಲಿಮರ ಪಾಲು ಶೇ 9.84ರಿಂದ 14.09ಕ್ಕೆ. ಪಾಲು ಏರಿದ್ದು ನಾಲ್ಕೂಕಾಲು ಅಂಶ. ಆ ನಾಲ್ಕೂಕಾಲನ್ನು ಮೊದಲಿದ್ದ 9.84ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಲವತ್ತಮೂರು ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಕೇಳುವವನ ಕಿವಿಗೆ ಅದು ಬೇರೆಯದನ್ನೇ ಹೇಳುತ್ತದೆ. ನೂರು ಮನೆಗಳ ಒಂದು ಊರಿದೆ ಎಂದುಕೊಳ್ಳಿ. ಅರವತ್ತೈದು ವರ್ಷಗಳ ಹಿಂದೆ ಅಲ್ಲಿ ಹತ್ತು ಮುಸ್ಲಿಂ ಮನೆಗಳಿದ್ದವು, ಎಂಬತ್ತೈದು ಹಿಂದೂ ಮನೆಗಳಿದ್ದವು. ಈಗಲೂ ನೂರೇ ಮನೆ ಎಂದು ಇಟ್ಟುಕೊಂಡರೆ ಹದಿನಾಲ್ಕು ಮತ್ತು ಎಪ್ಪತ್ತೆಂಟು. ಇದನ್ನು ಕಟ್ಟೆಯ ಮೇಲೆ ಕೂತವರಿಗೆ ಹೇಳಿ ನೋಡಿ. ಆಮೇಲೆ ‘ನಲವತ್ತಮೂರು’ ಎಂದು ಹೇಳಿ ನೋಡಿ. ಮುಖಗಳು ಬೇರೆಯಾಗುತ್ತವೆ.

ಕೆಲವು ಚಾನೆಲ್‌ಗಳು ‘ಪಾಲು’ ಎಂಬ ಪದವನ್ನೂ ನುಂಗಿ, ಹಿಂದೂಗಳ ಸಂಖ್ಯೆಯೇ ಕುಸಿದಿದೆ ಎಂಬಂತೆ ಓದಿದವು. 1951ರಲ್ಲಿ ಸುಮಾರು 30 ಕೋಟಿ ಇದ್ದ ಹಿಂದೂಗಳು 2011ರಲ್ಲಿ 96 ಕೋಟಿ ದಾಟಿದ್ದರು. ಮೂರು ಪಟ್ಟಾದದ್ದನ್ನು ಕುಸಿತ ಎಂದು ಕರೆಯಲು ಯಾವ ಭಾಷೆಯಲ್ಲಿ ಅವಕಾಶವಿದೆ? ಹೆರಿಗೆಯ ಲೆಕ್ಕವನ್ನು ಯಾರೂ ಇದರ ಜೊತೆಗಿಟ್ಟು ತೋರಿಸಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019–21ರ ಹೊತ್ತಿಗೆ ಅದು 2.36 ಮತ್ತು 1.94. ಮೂವತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚಿದ್ದ ಅಂತರ ಅರ್ಧಕ್ಕಿಂತ ಕೆಳಗಿಳಿದಿದೆ. ಇದು ನನ್ನ ಮಟ್ಟಿಗೆ ಮುಖಪುಟದ ಸುದ್ದಿ. ಯಾವ ಚುನಾವಣೆಯಲ್ಲೂ ಮುಖಪುಟಕ್ಕೆ ಬಂದದ್ದನ್ನು ನಾನು ನೋಡಿಲ್ಲ.

“ಸರ್, ಎಲ್ಲ ಕಡೆ 43 ಇದೆ. ನಾವು ಹಾಕದಿದ್ದರೆ ಸುದ್ದಿಯನ್ನು ಮುಚ್ಚಿಟ್ಟಂತೆ ಕಾಣುತ್ತದೆ” ಎಂದಳು ಹುಡುಗಿ. ಅದೂ ನಿಜ. ಓದುಗ ಬೆಳಿಗ್ಗೆ ಎದ್ದು ಎಲ್ಲ ಕಡೆ ಕಂಡದ್ದು ನಮ್ಮಲ್ಲಿ ಇಲ್ಲದಿದ್ದರೆ ನಮ್ಮ ಮೇಲೆ ಅನುಮಾನ ಪಡುತ್ತಾನೆ. ಆದ್ದರಿಂದ 43 ಅನ್ನು ಬಿಡಲಿಲ್ಲ. ‘65 ವರ್ಷಗಳಲ್ಲಿ ಮುಸ್ಲಿಮರ ಪಾಲು ಶೇ 9.8ರಿಂದ 14ಕ್ಕೆ’ ಎಂದು ಶೀರ್ಷಿಕೆ ಕೊಟ್ಟು, 43 ಹೇಗೆ ಬಂತು ಎಂಬುದನ್ನು ಮೊದಲ ಪ್ಯಾರಾದಲ್ಲೇ ನೂರು ಮನೆಗಳ ಊರಿನ ಲೆಕ್ಕದಲ್ಲಿ ಬರೆದೆವು. ಗಡುವು ಮೀರಿ ಏಳು ನಿಮಿಷ ಆಯಿತು. ಮುದ್ರಣ ವಿಭಾಗದಿಂದ ಎರಡು ಸಲ ಫೋನ್ ಬಂತು.

ಅದೇ ಕೋಷ್ಟಕದಲ್ಲಿ ಆ ಹುಡುಗಿಯೇ ಇನ್ನೊಂದು ಸಾಲನ್ನು ಕಂಡಳು. ಬೌದ್ಧರ ಪಾಲು ಶೇ 0.05ರಿಂದ 0.81ಕ್ಕೆ. 43ರ ಲೆಕ್ಕದ ರೀತಿಯಲ್ಲೇ ಹೇಳಿದರೆ ಶೇ 1,500ಕ್ಕೂ ಹೆಚ್ಚಿನ ಏರಿಕೆ! ಯಾವ ಚಾನೆಲ್ಲೂ ಅದನ್ನು ಕೂಗಿ ಹೇಳಲಿಲ್ಲ. ಹೇಳಬೇಕಾಗಿತ್ತು, ಏಕೆಂದರೆ ಆ ಸಾಲಿನ ಹಿಂದೆ ಈ ದೇಶದ ಒಂದು ದೊಡ್ಡ ಕಥೆಯಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. 1951ರ ಗಣತಿಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರದಷ್ಟಿದ್ದ ಬೌದ್ಧರು 1961ರಲ್ಲಿ ಮೂವತ್ತೆರಡು ಲಕ್ಷಕ್ಕೂ ಹೆಚ್ಚಾದರು. ಅವರು ಹತ್ತು ವರ್ಷಗಳಲ್ಲಿ ಹುಟ್ಟಿದವರಲ್ಲ. ಏಳನೆಯ ಪ್ರಶ್ನೆಯಂಥ ಒಂದು ಪ್ರಶ್ನೆಗೆ ತಲೆಯೆತ್ತಿ ಬೇರೆ ಉತ್ತರ ಕೊಟ್ಟವರು.

ಬೌದ್ಧರ ಸಂಖ್ಯೆ ಜಗತ್ತಿನ ಮಟ್ಟದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿದೆ. ಜಗತ್ತಿನ ಧರ್ಮಗಳ ಗಾತ್ರದ ಬಗ್ಗೆ ಪತ್ರಿಕೆಗಳು ಇಂದು ಹೆಚ್ಚಾಗಿ ನೆಚ್ಚಿಕೊಂಡಿರುವುದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವನ್ನು. ಅದು 2012ರ ಕೊನೆಯಲ್ಲಿ ಪ್ರಕಟಿಸಿದ ವರದಿಯಲ್ಲಿ 2010ರ ಬೌದ್ಧರ ಸಂಖ್ಯೆ 48.8 ಕೋಟಿ, ಅವರಲ್ಲಿ ಅರ್ಧದಷ್ಟು ಜನ ಚೀನಾದವರು. 2025ರ ಜೂನ್‌ನಲ್ಲಿ ಹೊಸ ವರದಿ ಬಂತು. ಅದರಲ್ಲಿ ಅದೇ 2010ರ ಬೌದ್ಧರು 34.3 ಕೋಟಿ, 2020ಕ್ಕೆ 32.4 ಕೋಟಿ. ಎರಡು ವರದಿಗಳ ನಡುವೆ, ಒಂದೇ ವರ್ಷದ ಲೆಕ್ಕದಿಂದ ಹದಿನಾಲ್ಕು ಕೋಟಿಗೂ ಹೆಚ್ಚು ಬೌದ್ಧರು ಕಾಣೆಯಾದರು. ಯಾರೂ ಸತ್ತಿರಲಿಲ್ಲ, ಮತಾಂತರವೂ ಆಗಿರಲಿಲ್ಲ. ಚೀನಾದ ಜನರನ್ನು ಅಳೆಯುವ ಕ್ರಮ ಬದಲಾಗಿತ್ತು, ಅಷ್ಟೇ. ‘ನಿಮ್ಮ ಧರ್ಮ ಯಾವುದು’ ಎಂದು ಕೇಳುವಾಗ ಅಲ್ಲಿ ಬಳಸುವ ‘ಝೋಂಗ್‌ಜಿಯಾವ್’ ಎಂಬ ಪದ ಸಂಘಟಿತವಾದ, ಸದಸ್ಯತ್ವವಿರುವ ಧರ್ಮವನ್ನು ನೆನಪಿಸುತ್ತದೆ. ಬುದ್ಧನ ಮುಂದೆ ಊದುಬತ್ತಿ ಹಚ್ಚಿ ಕೈಮುಗಿಯುವವರೂ ಆ ಪ್ರಶ್ನೆಗೆ ‘ಯಾವುದೂ ಇಲ್ಲ’ ಎನ್ನುತ್ತಾರೆ. ಹೀಗೆ ಅವರು ಧರ್ಮವಿಲ್ಲದವರ ಸಾಲಿಗೆ ಸರಿದರು. 2020ರಲ್ಲಿ ಕ್ರೈಸ್ತರು 230 ಕೋಟಿ, ಮುಸ್ಲಿಮರು 200 ಕೋಟಿ, ಯಾವ ಧರ್ಮಕ್ಕೂ ಸೇರದವರು 190 ಕೋಟಿ, ಹಿಂದೂಗಳು 120 ಕೋಟಿ ಎಂದು ನಾವು ಬರೆಯುವಾಗ, ಆ 190 ಕೋಟಿಯಲ್ಲಿ ಊದುಬತ್ತಿ ಹಚ್ಚುವವರು ಬಹಳ ಜನರಿದ್ದಾರೆ.

ಇದನ್ನು ಓದಿದಾಗ ನನಗೆ ‘ಮೈಲಾರಲಿಂಗಕ್ಕೆ ನಡೆದುಕೊಳ್ಳುತ್ತೇವೆ’ ಎಂದವರು ಕಣ್ಣೆದುರು ಬಂದರು. ಗಣತಿಯ ಪುಸ್ತಕದಲ್ಲಿ ಬೇರೆ ಪ್ರಶ್ನೆ ಇದ್ದಿದ್ದರೆ, ಅಥವಾ ಅವ್ವನ ಚೌಕಗಳು ಬೇರೆ ಇದ್ದಿದ್ದರೆ, ಅವರೂ ಬೇರೆ ಯಾವುದೋ ಸಾಲಿನಲ್ಲಿರುತ್ತಿದ್ದರು. ಜಾರ್ಖಂಡ್ ಸುತ್ತಲಿನ ಆದಿವಾಸಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. 2011ರಲ್ಲಿ ಸುಮಾರು 50 ಲಕ್ಷ ಜನ ತಮ್ಮ ಧರ್ಮ ‘ಸರ್ನಾ’ ಎಂದು ಬರೆಸಿದರು. ದೇಶದ ಜೈನರು ಆಗ 45 ಲಕ್ಷ. ಜೈನರಿಗೆ ಸಂಕೇತಸಂಖ್ಯೆ ಇದೆ, ಸರ್ನಾಕ್ಕೆ ಇಲ್ಲ, ಅವರೆಲ್ಲ ‘ಇತರೆ’. 2020ರ ನವೆಂಬರ್‌ನಲ್ಲಿ ಜಾರ್ಖಂಡ್ ವಿಧಾನಸಭೆ ಪ್ರತ್ಯೇಕ ಸಂಕೇತ ಬೇಕೆಂದು ನಿರ್ಣಯ ಮಾಡಿತು. ಅಲ್ಲಿ ಅದು ಚುನಾವಣೆಯ ವಿಷಯ. ಇಲ್ಲಿ ನಮ್ಮ ಪುಟಗಳಲ್ಲಿ ಒಂದು ಸಾಲೂ ಅಲ್ಲ.

ನಮ್ಮಲ್ಲೂ 2018ರ ಮಾರ್ಚ್‌ನಲ್ಲಿ, ಮತದಾನಕ್ಕೆ ಎರಡು ತಿಂಗಳಿಗಿಂತ ಕಡಿಮೆ ಇರುವಾಗ, ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ಶಿಫಾರಸನ್ನು ರಾಜ್ಯ ಸಂಪುಟ ಒಪ್ಪಿದಾಗ ಲಿಂಗಾಯತ ಪ್ರತ್ಯೇಕ ಧರ್ಮದ ಪ್ರಶ್ನೆ ಹತ್ತಿ ಉರಿಯಿತು. ವಚನಗಳು ಏನು ಹೇಳುತ್ತವೆ, ಇಷ್ಟಲಿಂಗದ ಆಚರಣೆ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಬರೆಯಬಲ್ಲವರು ನಮ್ಮ ಧಾರವಾಡದಲ್ಲೇ ಹತ್ತಾರು ಮಂದಿ ಇದ್ದರು. ನಾವು ಪುಟ ತುಂಬಿಸಿದ್ದು ಕ್ಷೇತ್ರವಾರು ಬಣ್ಣದ ನಕ್ಷೆಗಳಿಂದ. ರಾಜ್ಯದಲ್ಲಿ ಲಿಂಗಾಯತರು ‘ಶೇ 17’ ಎಂದು ಎಲ್ಲರೂ ಬರೆದರು, ನಾವೂ ಬರೆದೆವು. ದೇಶದಲ್ಲಿ ಜಾತಿವಾರು ಗಣತಿ ಪೂರ್ಣವಾಗಿ ನಡೆದು ಕೊನೆಯ ಸಲ ಪ್ರಕಟವಾದದ್ದು 1931ರಲ್ಲಿ. ಹಾಗಿದ್ದರೆ ಆ ಹದಿನೇಳು ಯಾವ ಹೊಸ್ತಿಲುಗಳನ್ನು ಹತ್ತಿ ಇಳಿದು ಬಂದ ಸಂಖ್ಯೆ? 2004ರಲ್ಲಿ ಅವ್ವ ಕೇಳಿದ್ದ ಪ್ರಶ್ನೆಯನ್ನು 2018ರಲ್ಲಿ ನಾನು ಡೆಸ್ಕಿನಲ್ಲಿ ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

2021ರಲ್ಲಿ ಆಗಬೇಕಿದ್ದ ಗಣತಿ ಕೊನೆಗೂ ಬರುತ್ತಿದೆ. ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ರ ಲೆಕ್ಕ, ಈ ಸಲ ಜಾತಿಯೂ ಸೇರಿ. ಅಂಕಿಗಳು ಹೊರಬೀಳುವ ಹೊತ್ತಿಗೆ 2029ರ ಲೋಕಸಭಾ ಚುನಾವಣೆ ಹತ್ತಿರವಿರುತ್ತದೆ. ಅವ್ವ ನಿವೃತ್ತಳಾಗಿ ಬಹಳ ಕಾಲವಾಯಿತು. ಈಗ ಬಾಗಿಲಲ್ಲಿ ನಿಂತು ಉತ್ತರ ಕೊಡುವ ಸರದಿ ಅವಳದು. ಡೆಸ್ಕಿನಲ್ಲಿ ಇರುವ ಸರದಿ ನನ್ನದು. ಹಳೆಯ ಕೋಷ್ಟಕಗಳನ್ನೆಲ್ಲ ಒಂದು ಕಡತದಲ್ಲಿ ಈಗಲೇ ಸೇರಿಸಿಟ್ಟಿದ್ದೇನೆ. ಮೊದಲ ಹಾಳೆಯಲ್ಲಿ, ಹುಡುಕದೆ ಸಿಗುವಂತೆ, ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ: ಗಣತಿ ನಡೆಯದ ಜಾಗಗಳು. ಜಮ್ಮು ಮತ್ತು ಕಾಶ್ಮೀರ, 1951. ಅಸ್ಸಾಂ, 1981. ಜಮ್ಮು ಮತ್ತು ಕಾಶ್ಮೀರ, 1991.